ಸಾಂತಾಕ್ರೂಜಿನಿಂದ ಮಾಟುಂಗಕ್ಕೆ: ಒಂದು ಚೀಲ ಕುಚ್ಚಲಕ್ಕಿಯ ದಾರಿ



ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಒಂದು ಪ್ರಶ್ನೆ. ನಿಮ್ಮ ಮನೆಯ ಅಕ್ಕಿ ಎಲ್ಲಿಂದ ಬರುತ್ತದೆ? 'ಅಂಗಡಿಯಿಂದ' ಎನ್ನುತ್ತೀರಿ. ಈಗಿನ ಕಾಲಕ್ಕೆ 'ಫೋನಿನಿಂದ' ಎಂದರೂ ತಪ್ಪಲ್ಲ. ಇದೇ ಪ್ರಶ್ನೆಯನ್ನು ನಿಮ್ಮ ಅಜ್ಜಿಯನ್ನೋ ಅಮ್ಮನನ್ನೋ ಒಮ್ಮೆ ಕೇಳಿ ನೋಡಿ. ಅವರು ಮೊದಲು ಒಂದು ಊರಿನ ಹೆಸರು ಹೇಳುತ್ತಾರೆ. ಆಮೇಲೆ ಒಂದು ಬಸ್ಸಿನ ಕತೆ, ಒಂದು ರೈಲಿನ ಕತೆ ಹೇಳುತ್ತಾರೆ. ಕೊನೆಗೆ ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಹತ್ತಿಳಿದ ಮೆಟ್ಟಿಲುಗಳ ಲೆಕ್ಕ ಹೇಳುತ್ತಾರೆ. ಅಷ್ಟರಲ್ಲಿ ನಿಮಗೆ ಬೇಸರ ಬಂದಿರುತ್ತದೆ. ಆದರೂ ಕೇಳಿ. ಏಕೆ ಕೇಳಬೇಕು ಎಂಬುದನ್ನು ಹೇಳಲೆಂದೇ ಈ ಲೇಖನ.

ನಾನು ಮದುವೆಯಾಗಿ ಕುಂದಾಪುರದ ಕಡೆಯಿಂದ ಸಾಂತಾಕ್ರೂಜ್ ಪೂರ್ವದ ವಾಕೋಲಾಕ್ಕೆ ಬಂದದ್ದು 1986ರಲ್ಲಿ. ಸಾಂತಾಕ್ರೂಜ್ ಎಂಬುದು ಪೋರ್ತುಗೀಸರ ಮಾತು, 'ಪವಿತ್ರ ಶಿಲುಬೆ' ಎಂದು ಅರ್ಥ. ಪಶ್ಚಿಮ ರೈಲ್ವೆಯಲ್ಲಿ ಖಾರ್ ಮತ್ತು ವಿಲೇಪಾರ್ಲೆಗಳ ನಡುವಿನ ನಿಲ್ದಾಣ. ಹೊರಗಿನವರಿಗೆ ವಿಮಾನ ನಿಲ್ದಾಣದಿಂದಾಗಿ ಈ ಹೆಸರಿನ ಪರಿಚಯ. ನಮ್ಮ ತುಳು-ಕನ್ನಡಿಗರಿಗೆ ಇಲ್ಲಿ ಬೇರೆ ಗುರುತುಗಳಿವೆ. ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ಬಿಲ್ಲವ ಭವನ, ಪ್ರಭಾತ್ ಕಾಲನಿಯಲ್ಲಿ ಪೇಜಾವರ ಮಠ, ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ. ಹಬ್ಬಕ್ಕೆ, ಸಭೆಗೆ, ಯಕ್ಷಗಾನಕ್ಕೆ ಯಾವುದಕ್ಕೂ ನಮಗೆ ಕೊರತೆಯಿರಲಿಲ್ಲ. ಇಷ್ಟೆಲ್ಲ ಇದ್ದೂ ನಾನು ಬಂದ ಹೊಸತರಲ್ಲಿ ನಮ್ಮ ಗಲ್ಲಿಯ ಕಿರಾಣಿ ಅಂಗಡಿಯಲ್ಲಿ ಕುಚ್ಚಲಕ್ಕಿ ಮಾತ್ರ ಸಿಗುತ್ತಿರಲಿಲ್ಲ.

ಕುಚ್ಚಲಕ್ಕಿ ಎಂದರೇನು ಎಂದು ಕೇಳುವವರಿದ್ದಾರೆ, ಹಾಗಾಗಿ ಹೇಳುತ್ತೇನೆ. ಭತ್ತವನ್ನು ಸಿಪ್ಪೆಯೊಡನೆಯೇ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಬೇಯುವಾಗ ಸಿಪ್ಪೆ-ತೌಡಿನಲ್ಲಿರುವ ಸತ್ವದ ಒಂದು ಪಾಲು ಕಾಳಿನೊಳಕ್ಕೆ ಇಳಿಯುತ್ತದೆ, ಕಾಳು ಗಟ್ಟಿಯಾಗುತ್ತದೆ. ಆದ್ದರಿಂದಲೇ ಅದು ಬೇಗ ಬೇಯುವುದಿಲ್ಲ. ಬೆಂದ ಮೇಲೂ ಅನ್ನ ಮುದ್ದೆಯಾಗದೆ ಕಾಳು ಕಾಳಾಗಿ ಉಳಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಬೇಯಿಸದ ಭತ್ತದಿಂದ ಮಾಡಿದ್ದು ಬೆಳ್ತಿಗೆ ಅಕ್ಕಿ. ಅದು ದೋಸೆಗೆ, ಪಾಯಸಕ್ಕೆ, ನೆಂಟರಿಗೆ. ಗಂಜಿಗೆ ಬೇಕಾದ್ದು ಕುಚ್ಚಲಕ್ಕಿಯೇ. ಕರಾವಳಿಯ ಮನುಷ್ಯ ಜ್ವರ ಬಂದಾಗ, ದುಃಖವಾದಾಗ, ಪ್ರಯಾಣದಿಂದ ಬಂದಾಗ ಕೇಳುವುದು ಈ ಗಂಜಿಯನ್ನು.

ನನ್ನ ಅತ್ತೆ 1958ರಲ್ಲಿ ಇಲ್ಲಿಗೆ ಬಂದವರು. ಅವರು ಹೇಳುತ್ತಿದ್ದ ಕತೆ ನನ್ನದಕ್ಕಿಂತ ದೊಡ್ಡದು. 1960ರ ದಶಕದಲ್ಲಿ ದೇಶದಲ್ಲೇ ಆಹಾರದ ಅಭಾವ. ರೇಷನ್ ಅಂಗಡಿಯಲ್ಲಿ ಕೊಟ್ಟದ್ದೇ ಅಕ್ಕಿ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಧಾನ್ಯ ಸಾಗಿಸಲು ಸರ್ಕಾರದ ನಿರ್ಬಂಧ ಬೇರೆ. ಊರಿನಲ್ಲಿ ತಮ್ಮದೇ ಗದ್ದೆಯಲ್ಲಿ ಬೆಳೆದ ಅಕ್ಕಿಯನ್ನು ಅತ್ತೆ ಹಾಸಿಗೆಯ ಸುರುಳಿಯೊಳಗೆ ಅಡಗಿಸಿ ತಂದಿದ್ದರಂತೆ. ದಾರಿಯುದ್ದಕ್ಕೂ ಆ ಹಾಸಿಗೆಯ ಮೇಲೆ ಯಾರನ್ನೂ ಕೂರಲು ಬಿಡಲಿಲ್ಲವಂತೆ. 'ಚಿನ್ನ ತಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲ' ಎಂದು ನಗುತ್ತಿದ್ದರು.

ಎಲ್ಲ ಪದಾರ್ಥಕ್ಕೂ ನಾವು ದೂರ ಹೋಗಬೇಕಾಗಿತ್ತೆಂದು ತಿಳಿಯಬೇಡಿ. ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಪಕ್ಕದ ಭಾಜಿಯವನಲ್ಲೇ ಸಿಗುತ್ತಿತ್ತು. ಮರಾಠಿಯವರು ಅದನ್ನು ಅಳೂ ಎಂದು ಕೊಂಡು ಅಳೂವಡಿ ಮಾಡುತ್ತಾರೆ, ಗುಜರಾತಿಗಳು ಪಾತ್ರಾ ಮಾಡುತ್ತಾರೆ. ವಿಜಾಪುರ, ಕಲಬುರ್ಗಿಯ ಕಡೆಯಿಂದ ಬಂದ ನಮ್ಮ ಬಂಧುಗಳಿಗೆ ಜೋಳದ ಹಿಟ್ಟಿನ ಚಿಂತೆಯೇ ಇರಲಿಲ್ಲ. ಅವರ ರೊಟ್ಟಿ ಇಲ್ಲಿಯ ಭಾಕರಿಯ ಅಕ್ಕತಂಗಿ. ಬ್ಯಾಡಗಿ ಮೆಣಸಿನಕಾಯಿಯಂತೂ ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲಿ ರಾಶಿ ರಾಶಿ. ಮರಾಠಿ ಗೃಹಿಣಿಯರು 'ಬೇಡಗಿ' ಎಂದು ಕೇಳಿ ಕೊಳ್ಳುವಾಗ ಅದು ಹಾವೇರಿ ಜಿಲ್ಲೆಯ ಒಂದು ಊರಿನ ಹೆಸರೆಂದು ಎಷ್ಟೋ ಜನಕ್ಕೆ ತಿಳಿದಿರುವುದಿಲ್ಲ. ನೆರೆಯವರೂ ತಿನ್ನುವ ಪದಾರ್ಥ ಹತ್ತಿರದಲ್ಲೇ ಸಿಗುತ್ತದೆ. ನಾವು ಮಾತ್ರ ತಿನ್ನುವ ಪದಾರ್ಥಕ್ಕೆ ನಾವೇ ನಡೆಯಬೇಕು. ಆ ನಡಿಗೆಯ ಹೆಸರೇ ಮಾಟುಂಗ.

ಭಾನುವಾರ ಬೆಳಗ್ಗೆ ಅತ್ತೆ ಮತ್ತು ನಾನು ಎರಡು ಬಟ್ಟೆಚೀಲ ಮಡಚಿಟ್ಟುಕೊಂಡು ಹೊರಡುತ್ತಿದ್ದೆವು. ಸಾಂತಾಕ್ರೂಜಿನಲ್ಲಿ ಚರ್ಚ್‌ಗೇಟ್ ಕಡೆಯ ಸ್ಲೋ ಗಾಡಿ. ಖಾರ್, ಬಾಂದ್ರಾ, ಮಾಹಿಮ್, ಆಮೇಲೆ ಮಾಟುಂಗ ರೋಡ್. ನಾಲ್ಕೇ ಸ್ಟೇಷನ್. ಅಲ್ಲಿಂದ ಹಳಿಗಳನ್ನು ದಾಟುವ ಪಾದಚಾರಿ ಸೇತುವೆ. ಅದರ ಅಂಕುಡೊಂಕಿನ ಆಕಾರ ನೋಡಿ ಎಲ್ಲರೂ 'ಝಡ್ ಬ್ರಿಜ್' ಎನ್ನುತ್ತಾರೆ. ಹೋಗುವಾಗ ಅದು ಸೇತುವೆ, ಬರುವಾಗ ಬೆಟ್ಟ! ಹತ್ತು ಕಿಲೋ ಅಕ್ಕಿ, ಎರಡು ಸೌತೆಕಾಯಿ, ತೆಂಗಿನೆಣ್ಣೆ, ಬಾಳೆಲೆಯ ಕಟ್ಟು ಹಿಡಿದು ಅದನ್ನು ಹತ್ತುವಾಗ ಅತ್ತೆ ಪ್ರತಿ ತಿರುವಿನಲ್ಲೂ ಒಮ್ಮೆ ನಿಲ್ಲುತ್ತಿದ್ದರು. ನಿಂತಾಗ ಮಾತ್ರ 'ಅಕ್ಕಿ ಒಳ್ಳೇದಿದೆ ಅಲ್ದಾ?' ಎಂದು ಕೇಳುತ್ತಿದ್ದರು, ಉಬ್ಬಸ ಮರೆಸಲು.

ಮಾಟುಂಗ ಸುಮ್ಮನೆ ನಮ್ಮ ಅಂಗಡಿಬೀದಿಯಾದದ್ದಲ್ಲ. ದಕ್ಷಿಣದಿಂದ ಗುಮಾಸ್ತಗಿರಿಗೆ, ಟೈಪಿಂಗಿಗೆ, ಹೋಟೆಲಿನ ಕೆಲಸಕ್ಕೆ ಬಂದ ತಮಿಳರು, ಕನ್ನಡಿಗರು, ಮಲಯಾಳಿಗಳು ಅಲ್ಲಿ ನೆಲೆಸಿದರು. ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಉಡುಪಿ ಕಡೆಯ ಎ. ರಾಮ ನಾಯಕರು 1942ರಲ್ಲಿ ಮಾಟುಂಗ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬಾಳೆಲೆಯ ಮೇಲೆ ಬಡಿಸುವ ಆ ಊಟ ಇಂದಿಗೂ ಪ್ರಸಿದ್ಧ. ಸಂಸಾರ ಊರಿನಲ್ಲಿ ಬಿಟ್ಟು ಬಂದ ಒಂಟಿ ಗಂಡಸರಿಗೆ ಮೊದಲು ಊಟದ ಮನೆಗಳು ಬೇಕಾದವು. ಸಂಸಾರ ಬಂದ ಮೇಲೆ ಸಾಮಾನಿನ ಅಂಗಡಿಗಳು ಬೇಕಾದವು. ಕಾಫಿಪುಡಿ ಹುರಿದು ಬೀಸುವ ಅಂಗಡಿ, ಹಪ್ಪಳ-ಸಂಡಿಗೆಯ ಅಂಗಡಿ, ಹೂವಿನವರ ಸಾಲು ಎಲ್ಲ ಬಂದವು. ಆ ಬೀದಿಗೆ ಕಾಲಿಟ್ಟರೆ ಮೊದಲು ಹುರಿದ ಕಾಫಿಯ ಘಮ, ಆಮೇಲೆ ಮಲ್ಲಿಗೆಯ ಘಮ.

ಮಲ್ಲಿಗೆ ಎಂದಾಗ ಒಂದು ತಮಾಷೆ ನೆನಪಾಗುತ್ತದೆ. ಶಂಕರಪುರದ ಸುತ್ತ ಬೆಳೆಯುವ ಉಡುಪಿ ಮಲ್ಲಿಗೆಯನ್ನು ಬೆಳಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಂಗಳೂರಿನ ಬಜಪೆಯಿಂದ ಅದು ವಿಮಾನದಲ್ಲಿ ಮುಂಬಯಿಗೆ ಬರುತ್ತದೆ. ವಿಮಾನ ಇಳಿಯುವುದು ನಮ್ಮ ಸಾಂತಾಕ್ರೂಜಿನ ಮಗ್ಗುಲಲ್ಲಿ, ನಮ್ಮ ತಾರಸಿಯ ಮೇಲೇ ಹಾದು ಹೋಗುತ್ತದೆ. ಹೂವು ಕೊಳ್ಳಲು ನಾವು ಹೋಗುತ್ತಿದ್ದುದು ಮಾತ್ರ ಮಾಟುಂಗಕ್ಕೆ! 'ಒಂದು ಚೆಂಡು ಇಲ್ಲೇ ಕೆಳಗೆ ಹಾಕಿ ಹೋಗಬಾರದೇ' ಎಂದು ಅತ್ತೆ ವಿಮಾನದತ್ತ ಕೈ ಮಾಡುತ್ತಿದ್ದರು.

ನಾವು ಹೋಗುತ್ತಿದ್ದ ಅಂಗಡಿ ಬಹಳ ಚಿಕ್ಕದು. ಮೂಲೆಯಲ್ಲಿ ಮಂಗಳೂರು ಸೌತೆ, ಸಿಕ್ಕಿದ ದಿನ ಮಟ್ಟುಗುಳ್ಳ, ಬಸಳೆಯ ಕಟ್ಟು, ಮಳೆಗಾಲದಲ್ಲಿ ಅರಿಸಿನದ ಎಲೆ, ಡಬ್ಬಿಯಲ್ಲಿ ಹಲಸಿನ ಹಪ್ಪಳ, ಭರಣಿಯಲ್ಲಿ ಮಾವಿನ ಮಿಡಿ. ಮಟ್ಟುಗುಳ್ಳ ಉಡುಪಿಯ ಪಕ್ಕದ ಮಟ್ಟು ಎಂಬ ಊರಿನ ಬದನೆ. ವಾದಿರಾಜ ಸ್ವಾಮಿಗಳ ಹೆಸರಿನೊಂದಿಗೆ ಅದರ ಐತಿಹ್ಯ ಸೇರಿಕೊಂಡಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಆ ಅಂಗಡಿಯಲ್ಲಿ ಸಾಮಾನು ಕೊಳ್ಳಲು ಕಾಲು ಗಂಟೆ ಸಾಕಿದ್ದರೆ ನಾವು ನಿಲ್ಲುತ್ತಿದ್ದುದು ಒಂದು ಗಂಟೆ. 'ಯಾವ ಊರಾಯ್ತು?' ಎಂದು ಒಬ್ಬರು ಕೇಳುವುದು. 'ಕೋಟದ ಹತ್ರ' ಎನ್ನುವುದು. 'ಹೌದಾ, ನಮ್ಮ ಚಿಕ್ಕಮ್ಮನ್ನ ಕೊಟ್ಟದ್ದು ಅಲ್ಲಿಗೇ' ಎಂದು ಇನ್ನೊಬ್ಬರು ಸೇರಿಕೊಳ್ಳುವುದು. ಮಳೆ ಬಂತೋ, ಮೇಳ ಯಾವುದು ಬರುತ್ತದೆ, ಯಾರ ಹುಡುಗ ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕಿಗೆ ಸೇರಿದ, ಎಲ್ಲ ಸುದ್ದಿ ಅಲ್ಲಿ. ವಾರವಿಡೀ ಹಿಂದಿ-ಮರಾಠಿಯಲ್ಲಿ ತಡವರಿಸುತ್ತಿದ್ದ ಅತ್ತೆ ಆ ಒಂದು ಗಂಟೆ ಯಾರ ಹಂಗೂ ಇಲ್ಲದೆ ಮಾತಾಡುತ್ತಿದ್ದರು. ಅವರ ದನಿಯೇ ಬೇರೆಯಾಗುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ನಾನು ಬಂದಾಗ ಊರಿಗೆ ಬಸ್ಸೇ ಗತಿ, ಒಂದು ಹಗಲು ಒಂದು ರಾತ್ರಿ ಕೂತು ಸೊಂಟ ಹಿಡಿಯುತ್ತಿತ್ತು. 1998ರ ಜನವರಿ 26ರಂದು ಕೊಂಕಣ ರೈಲ್ವೆಯ ಪೂರ್ತಿ ಮಾರ್ಗ ತೆರೆಯಿತು. ಅದೇ ವರ್ಷ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಓಡತೊಡಗಿತು. ಸಂಜೆ ಊರಿನಲ್ಲಿ ಹತ್ತಿಸಿದ ಚೀಲ ಮರುದಿನ ಮುಂಬಯಿಗೆ ಬಂತು. ನಮ್ಮವರ ಅಂಗಡಿಗಳು ಉಪನಗರಗಳಲ್ಲೆಲ್ಲ ತೆರೆದುಕೊಂಡವು. ವಾಕೋಲಾದಲ್ಲೇ ಕುಚ್ಚಲಕ್ಕಿ ಸಿಗತೊಡಗಿತು. ಅತ್ತೆಯ ಮೊಣಕಾಲೂ ಸೋತಿತ್ತು. ಮಾಟುಂಗದ ಭಾನುವಾರಗಳು ತಿಂಗಳಿಗೊಂದಾಗಿ, ವರ್ಷಕ್ಕೆರಡಾಗಿ, ನಿಂತೇ ಹೋದವು. ನನಗೂ ಹಾಯೆನಿಸಿತು ಎಂದು ಒಪ್ಪಿಕೊಳ್ಳುತ್ತೇನೆ. 1994ರಲ್ಲಿ ಹುಟ್ಟಿದ ಮಗಳನ್ನು ನಾನು ಆ ಸೇತುವೆ ಹತ್ತಿಸಿ ಕರೆದೊಯ್ದದ್ದು ಹೆಚ್ಚೆಂದರೆ ಮೂರು ಸಲ. ಅವಳಿಗೆ ಓದು, ಕ್ಲಾಸು, ಪರೀಕ್ಷೆ. ಅಕ್ಕಿಯ ಹೆಸರು ಕಲಿಸಲು ಪುರಸೊತ್ತಾಗಲಿಲ್ಲ. ಇದರ ಬೆಲೆ ನನಗೆ 2020ರಲ್ಲಿ ತಿಳಿಯಿತು.

ಆ ವರ್ಷದ ಮಾರ್ಚಿನಲ್ಲಿ ಕೊರೋನಾದಿಂದಾಗಿ ಲೋಕಲ್ ಗಾಡಿಗಳು ನಿಂತುಹೋದವು. ಜೂನ್‌ನಲ್ಲಿ ಅಗತ್ಯ ಸೇವೆಯವರಿಗಷ್ಟೇ ಓಡತೊಡಗಿದವು. ಅತ್ತೆಗೆ ಎಂಬತ್ತನಾಲ್ಕು. ಮಲಗಿದಲ್ಲೇ ಆಗಿದ್ದರು. ಆಗಸ್ಟ್ ಹೊತ್ತಿಗೆ ಏನೂ ಸೇರುತ್ತಿರಲಿಲ್ಲ. ಒಂದು ಬೆಳಗ್ಗೆ 'ಗಂಜಿ' ಎಂದರು. ಮನೆಯಲ್ಲಿ ಕುಚ್ಚಲಕ್ಕಿ ಮುಗಿದು ವಾರಗಳಾಗಿದ್ದವು. ನಮ್ಮ ಗಲ್ಲಿಯ ಅಂಗಡಿಯವರು ಊರಿಗೆ ಹೋದವರು ಮರಳಿರಲಿಲ್ಲ. ಮಗಳು ಫೋನಿನಲ್ಲಿ ಹುಡುಕಿ 'ಕೆಂಪಕ್ಕಿ' ತರಿಸಿದಳು. ಬಣ್ಣ ಸರಿಯಾಗಿಯೇ ಇತ್ತು. ನಾನು ಗಡಿಬಿಡಿಯಲ್ಲಿ ನೋಡಲಿಲ್ಲ. ಅದು ಬೇಯಿಸದ ಭತ್ತದ ಕೆಂಪಕ್ಕಿ. ಕುಕ್ಕರು ತೆಗೆದಾಗ ಅಂಟಂಟು ಮುದ್ದೆ. ಮಗಳೇ ಚಮಚದಲ್ಲಿ ಅಜ್ಜಿಗೆ ಉಣಿಸಿದಳು. ಅತ್ತೆ ಎರಡು ಚಮಚ ನುಂಗಿದರು. ಮೂರನೆಯದಕ್ಕೆ ಅವಳ ಕೈ ಹಿಡಿದು, 'ಇದ್ ಅಲ್ಲ ಮಗಾ' ಎಂದರು. ಮತ್ತೆ ಅವಳಿಗೆ ಬೇಸರವಾದೀತೆಂದು ಇನ್ನೊಂದು ಚಮಚಕ್ಕೆ ಬಾಯಿ ತೆರೆದರು.

ಮಗಳು ಎದ್ದು ಬಾಲ್ಕನಿಗೆ ಹೋಗಿ ನಿಂತಳು. ಸ್ವಲ್ಪ ಹೊತ್ತಿನ ನಂತರ ಬಂದು, 'ಅದಕ್ಕೆ ಸರಿಯಾದ ಹೆಸರು ಏನಮ್ಮ? ಅಂಗಡಿಯಲ್ಲಿ ಏನಂತ ಕೇಳಬೇಕು?' ಎಂದಳು. ಕನ್ನಡದವರಾದರೆ ಕುಚ್ಚಲಕ್ಕಿ ಅಂತ ಕೇಳು, ಬೇರೆಯವರಾದರೆ ಉಕಡಾ ಅಂತ ಕೇಳು ಎಂದೆ. ನೆರೆಮನೆಯ ಹುಡುಗನ ಸೈಕಲ್ ಕೇಳಿ ಪಡೆದು, ರೈನ್‌ಕೋಟ್ ಹಾಕಿ ಹೊರಟಳು. ವಾಕೋಲಾದಿಂದ ಬಾಂದ್ರಾ-ಕುರ್ಲಾ ಸಂಕೀರ್ಣ, ಅಲ್ಲಿಂದ ಸಾಯನ್, ಆಮೇಲೆ ಕಿಂಗ್ಸ್ ಸರ್ಕಲ್. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿನಷ್ಟು, ಆಗಸ್ಟಿನ ಮಳೆಯಲ್ಲಿ. ಮೂರು ಗಂಟೆಯ ಮೇಲೆ ಬಂದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಐದು ಕಿಲೋ ಅಕ್ಕಿ ಕ್ಯಾರಿಯರಿಗೆ ಕಟ್ಟಿತ್ತು. ಜೊತೆಗೆ ಒಂದು ಪುಟ್ಟ ಪೊಟ್ಟಣ.

ಅವಳು ಹೇಳಿದ್ದು ಹೀಗೆ. ಅಂಗಡಿಯ ಅರ್ಧ ಬಾಗಿಲು ತೆರೆದಿತ್ತು. ಹಿಂದಿಯಲ್ಲಿ ಕೇಳಬೇಕೆಂದು ಹೋದವಳು, ಒಳಗೆ ಕನ್ನಡ ಕೇಳಿಸಿದ್ದರಿಂದ ತಡವರಿಸುತ್ತಾ 'ಕುಚ್ಚಲಕ್ಕಿ ಉಂಟಾ?' ಎಂದಳಂತೆ. ಮುದುಕರೊಬ್ಬರು ತಲೆಯೆತ್ತಿ 'ಯಾವ ಊರಾಯ್ತು ಮಗಾ?' ಎಂದರಂತೆ. ಇಪ್ಪತ್ತಾರು ವರ್ಷ ಈ ನಗರದಲ್ಲಿ ಬೆಳೆದವಳಿಗೆ ಹೊರಗಿನವರೊಬ್ಬರು ಕನ್ನಡದಲ್ಲಿ ಊರು ಕೇಳಿದ್ದು ಅದೇ ಮೊದಲು. ಸಾಂತಾಕ್ರೂಜ್ ಎನ್ನಲು ಬಾಯಿ ತೆರೆದವಳು 'ಕೋಟದ ಹತ್ರ' ಎಂದಳಂತೆ. 'ಅಜ್ಜಿಗಾ?' ಎಂದು ಮತ್ತೆ ಕೇಳಿ, ಅವಳು ತಲೆಯಾಡಿಸಿದ್ದಕ್ಕೆ ಭರಣಿಯಿಂದ ನಾಲ್ಕು ಮಿಡಿ ತೆಗೆದು ಕಟ್ಟಿಕೊಟ್ಟರಂತೆ. ದುಡ್ಡು ತೆಗೆದುಕೊಳ್ಳಲಿಲ್ಲವಂತೆ.

ಅಂದು ರಾತ್ರಿ ಅತ್ತೆ ಅರ್ಧ ಬಟ್ಟಲು ಗಂಜಿ ಕುಡಿದರು. ಮಿಡಿಯನ್ನು ನಾಲಗೆಗೆ ತಾಗಿಸಿದರು. 'ಎಲ್ಲಿಂದ ತಂದೆ?' ಎಂದು ಕೇಳಿದರು. 'ಮಾಟುಂಗದಿಂದ' ಎಂದಳು ಮಗಳು. 'ಸೇತುವೆ ಹತ್ತಿದ್ಯಾ?' ಎಂದರು. ಇಲ್ಲವೆನ್ನಲು ಅವಳಿಗೆ ಮನಸ್ಸಾಗಲಿಲ್ಲ. ಹತ್ತಿದೆ ಎಂದಳು. ಆ ಐದು ಕಿಲೋ ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು.

ಮಿತ್ರರೇ, ಇದು ಕೇವಲ ನಾಲಗೆಯ ಚಪಲ, ಹಳಬರ ಹಟ ಎಂದು ನೀವು ಹೇಳಬಹುದು. ಲೋಕದಲ್ಲಿ ಮನೆ ಬಿಟ್ಟು ಬಂದವರೆಲ್ಲರಿಗೂ ಈ ಹಟವಿದೆ. ನನ್ನ ಮಗಳು ಆಮೇಲೆ ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್ ಎಂಬ ಊರಿಗೆ ಓದಲು ಹೋದಳು. ಅಲ್ಲಿಂದ ಶಿಕಾಗೋ ಸುಮಾರು 220 ಕಿಲೋಮೀಟರ್. ಶಿಕಾಗೋದ ಡೆವನ್ ಅವೆನ್ಯೂ ನಮ್ಮ ದೇಶದವರ ಅಂಗಡಿಗಳ ಬೀದಿ, 1974ರಿಂದಲೇ ಅಲ್ಲಿ ಭಾರತೀಯ ಕಿರಾಣಿ ಅಂಗಡಿಯಿದೆ. ಮಗಳು ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದುದು ಪೋಲೆಂಡಿನ ಸಹಪಾಠಿಯೊಬ್ಬಳ ಕಾರಿನಲ್ಲಿ. ಶಿಕಾಗೋದಲ್ಲಿ ಪೋಲೆಂಡಿನವರ ಸಂಖ್ಯೆ ದೊಡ್ಡದು, ಮಿಲ್ವಾಕಿ ಅವೆನ್ಯೂವಿನಲ್ಲಿ ಅವರ ಅಂಗಡಿಗಳಿವೆ. ಆ ಹುಡುಗಿ ಹೋಗುವುದು ಅವಳ ಅಜ್ಜಿ ಮಾಡುತ್ತಿದ್ದಂಥ ಪಿಯೆರೋಗಿಗಾಗಿ. ಒಳಗೆ ಆಲೂಗಡ್ಡೆಯನ್ನೋ ಗಿಣ್ಣಿನಂಥ ಚೀಸನ್ನೋ ತುಂಬಿ ಬೇಯಿಸುವ ಅದು ನಮ್ಮ ಕಡುಬಿನ ದೂರದ ನೆಂಟ. ಒಬ್ಬಳಿಗೆ ಕುಚ್ಚಲಕ್ಕಿ, ಇನ್ನೊಬ್ಬಳಿಗೆ ಕಡುಬು. ಇಬ್ಬರದೂ ಒಂದೇ ದಾರಿ.

ಮಗಳು ತಾನು ಮುಂಬಯಿಯವಳು, ಬಾಂದ್ರಾದ ಪಕ್ಕದವಳು ಎಂದಾಗ ಆ ಹುಡುಗಿಗೆ ಬಾಂದ್ರಾದ ಹೆಸರು ಗೊತ್ತಿತ್ತಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆ-ಮಠ ಕಳೆದುಕೊಂಡ ಪೋಲೆಂಡಿನ ಮಕ್ಕಳ ಮೊದಲ ತಂಡ 1942ರಲ್ಲಿ ಮುಂಬಯಿಗೆ ಬಂದಾಗ ಕೆಲವು ತಿಂಗಳು ಇಳಿದುಕೊಂಡದ್ದು ಬಾಂದ್ರಾದಲ್ಲಿ. ಆಮೇಲೆ ಜಾಮ್‌ನಗರದ ಮಹಾರಾಜರು ತಮ್ಮ ಬಾಲಾಚಡಿಯಲ್ಲಿ ಅವರಿಗೆ ಆಶ್ರಯ ಕೊಟ್ಟರು. 1943ರಿಂದ 1948ರವರೆಗೆ ನಮ್ಮ ಬೆಳಗಾವಿಗೆ ದೂರವಲ್ಲದ ಕೊಲ್ಹಾಪುರದ ವಳಿವಡೆಯಲ್ಲಿ ಐದು ಸಾವಿರದಷ್ಟು ಪೋಲಿಷ್ ಜನ ಬಾಳಿದರು. ನಾವು ಮಾಟುಂಗಕ್ಕೆ ಹೋಗುವಾಗ ಗಾಡಿ ಎರಡನೆಯದಾಗಿ ನಿಲ್ಲುತ್ತಿದ್ದ ಸ್ಟೇಷನ್ ಅದೇ ಬಾಂದ್ರಾ. ಎಲ್ಲಿಂದೆಲ್ಲಿಗೆ ನಂಟು ನೋಡಿ!

ನನ್ನ ಮಾತನ್ನು ಮುಗಿಸುತ್ತೇನೆ. ಇಂದು ಸಾಂತಾಕ್ರೂಜಿನಲ್ಲಿ ಕೂತು ಬೆರಳಿನಲ್ಲಿ ಒತ್ತಿದರೆ ಹತ್ತಿಪ್ಪತ್ತು ನಿಮಿಷಕ್ಕೆ ಅಕ್ಕಿ ಬಾಗಿಲಿಗೆ ಬರುತ್ತದೆ. ಬರಲಿ, ಒಳ್ಳೆಯದೇ. ಮುದುಕರನ್ನು ಮೆಟ್ಟಿಲು ಹತ್ತಿಸುವುದು ಯಾರಿಗೂ ಬೇಡ. ಆದರೆ ಹೆಸರು ತಿಳಿಯದಿದ್ದರೆ ಹತ್ತು ನಿಮಿಷಕ್ಕೆ ಬರುವುದು ಬೇರೆ ಅಕ್ಕಿ. ಬೆಳ್ತಿಗೆ ಯಾವುದು, ಕುಚ್ಚಲಕ್ಕಿ ಯಾವುದು, ಪುನರ್ಪುಳಿ ಯಾವುದು, ಜಾರಿಗೆ ಹುಳಿ ಯಾವುದು, ಯಾವ ಎಲೆಯಲ್ಲಿ ಮೂಡೆ ಕಟ್ಟುತ್ತಾರೆ, ಯಾವ ಎಲೆಯಲ್ಲಿ ಕೊಟ್ಟೆ ಕಟ್ಟುತ್ತಾರೆ, ಇವನ್ನು ಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ಕೇಳುವವರಿಲ್ಲ. ನಾನು ಮಗಳಿಗೆ ಹೇಳಲು ಒಂದು ಪರೀಕ್ಷೆ ಮುಗಿಯಲಿ, ಇನ್ನೊಂದು ಮುಗಿಯಲಿ ಎಂದು ಕಾದೆ. ನೀವು ಕಾಯಬೇಡಿ.

ಒಂದು ಭಾನುವಾರ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೊರಡಿ. ಝಡ್ ಬ್ರಿಜ್ ಹತ್ತಲಾರೆವು ಎಂದರೆ ಸಾಂತಾಕ್ರೂಜಿನಿಂದಲೇ ಹಾರ್ಬರ್ ಗಾಡಿ ಹಿಡಿಯಿರಿ, ಮಾಹಿಮ್ ಆದ ಮೇಲೆ ಕಿಂಗ್ಸ್ ಸರ್ಕಲ್‌ನಲ್ಲಿ ಇಳಿಯಿರಿ. ಮೆಗಾಬ್ಲಾಕ್ ಇದೆಯೋ ಎಂದು ಮೊದಲೇ ನೋಡಿಕೊಳ್ಳಿ. ಬಟ್ಟೆಚೀಲ ಮರೆಯಬೇಡಿ. ಚೀಲ ನೀವು ಹಿಡಿದುಕೊಳ್ಳಿ, ಮಾತು ಅವರು ಆಡಲಿ. ಅಂಗಡಿಯಲ್ಲಿ ಯಾರಾದರೂ 'ಯಾವ ಊರಾಯ್ತು?' ಎಂದು ಕೇಳಿದರೆ ಏನು ಹೇಳಬೇಕೆಂದು ಹೋಗುವ ದಾರಿಯಲ್ಲೇ ಅವರನ್ನು ಕೇಳಿ ತಿಳಿದುಕೊಳ್ಳಿ.